ನಟರನ್ನು ಮಾತಾಡಲು ಬಿಡಿ

ಕನ್ನಡ ಮನರಂಜನಾ ವಾಹಿನಿಗಳ ಮುಖ್ಯಸ್ಥರಿಗೆ, ಕಾರ್ಯಕ್ರಮ ರೂಪಿಸುವವರಿಗೆ, ನಿರೂಪಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ವಾರಕ್ಕೆ ಒಂದು ಗಂಟೆ ಕೊಡಿ. ಅದರಲ್ಲಿ ಇಬ್ಬರೋ ಮೂವರೋ ನಟನಟಿಯರು ಕೂತು ಮಾತಾಡಲಿ. ಎದುರಿಗೆ ಕೇಳಿಸಿಕೊಳ್ಳುವ ವ್ಯವಧಾನ ಇರುವ ಒಬ್ಬ ನಿರೂಪಕರೋ ನಿರೂಪಕಿಯೋ ಇರಲಿ. ಹಾಡು, ಕುಣಿತ, ಬಲೂನು ಒಡೆಯುವ ಆಟ, ಕಣ್ಣಿಗೆ ಬಟ್ಟೆ ಕಟ್ಟಿ ತಿಂಡಿ ತಿನ್ನಿಸುವ ಸುತ್ತು ಯಾವುದೂ ಬೇಡ. ಮಾತು ಸಾಕು. ಮುಚ್ಚುಮರೆಯಿಲ್ಲದೆ, ಚುರುಕಾಗಿ, ನಗಿಸುತ್ತ ಮಾತಾಡುವ ಕಲಾವಿದರು ಕನ್ನಡದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮಾತು ಕೇಳಲು ಕಾದಿರುವ ಮನೆಗಳೂ ಇವೆ. ನಡುವೆ ಇರುವವರು ನೀವು. ಅದಕ್ಕೇ ಈ ಪತ್ರ ನಿಮಗೆ.

ಈಗ ನಡೆಯುತ್ತಿರುವುದು ನಿಮಗೇ ಗೊತ್ತಿದೆ. ಸಿನಿಮಾ ಬಿಡುಗಡೆಗೆ ಒಂದು ವಾರ ಇದೆ ಎನ್ನುವಾಗ ಇಡೀ ತಂಡ ನಿಮ್ಮ ಸ್ಟುಡಿಯೋಗೆ ಬರುತ್ತದೆ. ನಾಯಕ ‘ತುಂಬಾ ಡಿಫರೆಂಟ್ ಸಬ್ಜೆಕ್ಟು’ ಎನ್ನುತ್ತಾರೆ. ನಾಯಕಿ ‘ಇಡೀ ಟೀಮು ಫ್ಯಾಮಿಲಿ ಥರ ಇತ್ತು’ ಎನ್ನುತ್ತಾರೆ. ನಿರ್ದೇಶಕರು ‘ದಯವಿಟ್ಟು ಥಿಯೇಟರಿಗೇ ಬಂದು ನೋಡಿ’ ಎಂದು ಕೈಮುಗಿಯುತ್ತಾರೆ. ಅವರ ತಪ್ಪೇನೂ ಇಲ್ಲ, ಅದು ಅವರ ಅನ್ನದ ಮಾತು. ಆದರೆ ಹತ್ತು ಸಿನಿಮಾಗಳ ಪ್ರಚಾರ ನೋಡಿದ ಮೇಲೂ ಆ ಹತ್ತು ತಂಡಗಳಲ್ಲಿ ಒಬ್ಬರ ತಲೆಯೊಳಗೆ ಏನು ಓಡುತ್ತದೆ ಎಂಬುದು ನಮಗೆ ತಿಳಿದಿರುವುದಿಲ್ಲ.

ಯಾವಾಗಲೋ ಒಮ್ಮೆ, ಲೆಕ್ಕ ತಪ್ಪಿ, ಬೇರೆ ಥರದವರು ಬಂದು ಕೂರುತ್ತಾರೆ. ನಮ್ಮ ಮನೆಯಲ್ಲಿ ರಾತ್ರಿ ಟಿವಿ ಓಡುತ್ತಿದ್ದರೂ ಯಾರೂ ಅದಕ್ಕೇ ಕಣ್ಣು ನೆಟ್ಟು ಕೂತಿರುವುದಿಲ್ಲ. ಚಳಿಗಾಲದ ಒಂದು ರಾತ್ರಿ ನಮ್ಮತ್ತೆ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದರು. ತೆರೆಯ ಮೇಲೆ ಒಬ್ಬ ಪೋಷಕ ನಟರು, ನಾಯಕನ ಅಪ್ಪನಾಗಿಯೋ ಊರ ಗೌಡನಾಗಿಯೋ ನಾವು ನೂರು ಸಲ ನೋಡಿ ಹೆಸರು ಮಾತ್ರ ಹೇಳಲಾರದಂಥವರು, ತಮಗೆ ಬರಬೇಕಿದ್ದ ಸಂಭಾವನೆಗಾಗಿ ನಿರ್ಮಾಪಕರ ಆಫೀಸಿಗೆ ಅಲೆದ ಕಥೆ ಹೇಳುತ್ತಿದ್ದರು. ಗೋಳು ತೋಡಿಕೊಳ್ಳಲಿಲ್ಲ. ಆ ಆಫೀಸಿನ ಬೆಂಚು, ಅಲ್ಲಿ ತಮ್ಮಂತೆಯೇ ಕಾಯುತ್ತಿದ್ದ ಮೇಕಪ್‌ಮ್ಯಾನು, ‘ಸಾರ್ ಈಗ ತಾನೇ ಹೋದ್ರು’ ಎಂದು ನಿತ್ಯವೂ ಹೇಳುತ್ತಿದ್ದ ಮ್ಯಾನೇಜರನ ಮುಖಭಾವ, ಎಲ್ಲವನ್ನೂ ಕೂತಲ್ಲೇ ಮಾಡಿ ತೋರಿಸಿದರು. ಅತ್ತೆಯ ಕೈ ನಿಂತಿತು. ನಕ್ಕರು, ಆಮೇಲೆ ‘ಪಾಪ, ಎಷ್ಟು ವರ್ಷ ಹೀಗೇ ಅಲೆದ್ರೋ’ ಎಂದರು. ಚಿತ್ರೋದ್ಯಮದಲ್ಲಿ ದುಡಿದವರಿಗೆ ದುಡ್ಡು ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಎಂಬುದು ಅವತ್ತು ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಯಾರ ಹೆಸರನ್ನೂ ಅವರು ಎತ್ತಲಿಲ್ಲ.

ಇಂಥವರ ಮಾತಿಗೆ ನಾವು ಯಾಕೆ ಹೀಗೆ ಸೋಲುತ್ತೇವೆ ಎಂದು ಬಹಳ ಯೋಚಿಸಿದ್ದೇನೆ. ನಟ ಎಂದರೆ ಬೇರೆಯವರು ಬರೆದ ಮಾತನ್ನು ಆಡಿ ಬದುಕುವವನು. ಕೆಲವು ನಟಿಯರ ವಿಷಯದಲ್ಲಂತೂ ದನಿಯೂ ಅವರದಲ್ಲ, ಡಬ್ಬಿಂಗ್ ಕಲಾವಿದೆಯದು. ವರ್ಷಗಟ್ಟಲೆ ಮುಖ ಪರಿಚಯ ಇರುತ್ತದೆ, ಮನುಷ್ಯನ ಪರಿಚಯ ಇರುವುದಿಲ್ಲ. ಬರೆದು ಕೊಟ್ಟ ಸಾಲು ಇಲ್ಲದ ಕಡೆ ಅವರನ್ನು ಕೂರಿಸಿದಾಗ, ಪ್ರಶ್ನೆ ಬಿದ್ದ ಮರುಕ್ಷಣ ಅವರದೇ ಬುದ್ಧಿಯಿಂದ ಒಂದು ಉತ್ತರ ಹುಟ್ಟುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ಆ ಉತ್ತರಕ್ಕೆ ಅವರು ಬೆಲೆಯನ್ನೂ ತೆರಬೇಕಾಗಬಹುದು. ನಾಳೆ ಕಾಲ್‌ಶೀಟ್ ಕೇಳುವ ನಿರ್ಮಾಪಕ, ದೊಡ್ಡ ನಾಯಕನ ಅಭಿಮಾನಿಗಳು, ಚಲನಚಿತ್ರ ವಾಣಿಜ್ಯ ಮಂಡಳಿ, ರಾಜಕಾರಣಿಗಳು ಎಲ್ಲರೂ ಅದನ್ನು ಕೇಳಿಸಿಕೊಳ್ಳುತ್ತಿರುತ್ತಾರೆ. ಅದು ಗೊತ್ತಿದ್ದೂ ಒಬ್ಬರು ಇದ್ದದ್ದನ್ನು ಇದ್ದಂತೆ ಹೇಳಿದರೆ ನಮ್ಮ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಹಾಸ್ಯ ಅಲ್ಲಿ ಅಲಂಕಾರಕ್ಕೆ ಬರುವುದಲ್ಲ. ಕಹಿಯಾದ್ದನ್ನು ಹೇಳಲು ಅದೇ ದಾರಿ. ಬರಿಯ ನೇರ ಮಾತು ಸ್ವಲ್ಪ ಹೊತ್ತಿಗೆ ಬೈಗುಳವಾಗುತ್ತದೆ, ಕೇಳುವವರು ಕಿವಿ ಮುಚ್ಚಿಕೊಳ್ಳುತ್ತಾರೆ. ಬರಿಯ ಚಟಾಕಿ ಮಿಮಿಕ್ರಿಯಾಗಿ ಮರೆತುಹೋಗುತ್ತದೆ. ಎರಡೂ ಕೂಡಿದವರು ಅಪರೂಪ, ಅವರ ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ.

ಇದು ಕನ್ನಡಿಗರಿಗೆ ಟಿವಿ ಕಲಿಸಿದ ರುಚಿಯಲ್ಲ. ಕರಾವಳಿಯ ತಾಳಮದ್ದಳೆಯನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಎದುರಿನವರು ಏನು ಕೇಳುತ್ತಾರೆ ಎಂಬುದೂ ಗೊತ್ತಿರುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಎಂದು ವಾಲಿ ಕೇಳಿದರೆ ರಾಮನಾದವನು ಅಲ್ಲೇ ಉತ್ತರ ಹುಡುಕಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಅದನ್ನು ನೆನೆಸಿಕೊಂಡು ಮಾತಾಡುತ್ತಾರೆ. ಇಡೀ ರಾತ್ರಿ ನಿದ್ದೆಗೆಟ್ಟು ಮಾತು ಕೇಳಿದ ಜನ ನಾವು. ನಮಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಮಾತು ಕೇಳುವ ತಾಳ್ಮೆಯಿಲ್ಲ ಎಂದು ನಿಮ್ಮ ಮೀಟಿಂಗಿನಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಈ ಕಡೆ ಹಳೆ ಮೈಸೂರಿನಲ್ಲಿ ಮಾಸ್ಟರ್ ಹಿರಣ್ಣಯ್ಯನವರಿದ್ದರು. ಅವರ ‘ಲಂಚಾವತಾರ’ ನೋಡಲು ಹೋಗುತ್ತಿದ್ದ ನಮ್ಮ ತಂದೆಯಂಥವರು ಒಂದೇ ನಾಟಕವನ್ನು ಮತ್ತೆ ಮತ್ತೆ ನೋಡುತ್ತಿದ್ದರು, ಯಾಕೆಂದರೆ ಅದು ಒಂದೇ ನಾಟಕವಾಗಿರುತ್ತಿರಲಿಲ್ಲ. ಬೆಳಗಿನ ಪತ್ರಿಕೆಯಲ್ಲಿ ಬಂದ ಸುದ್ದಿ ಸಂಜೆ ರಂಗದ ಮೇಲೆ ಮಾತಾಗಿ ಹೊರಡುತ್ತಿತ್ತು. ಅಧಿಕಾರದಲ್ಲಿದ್ದವರು ಎದುರಿಗೆ ಕೂತಿದ್ದರೂ ಹಿರಣ್ಣಯ್ಯನವರ ನಾಲಿಗೆ ತಡವರಿಸುತ್ತಿರಲಿಲ್ಲ. ಅವರು 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರಿಗಿಂತ ಹಿಂದೆ ಗುಬ್ಬಿ ವೀರಣ್ಣನವರು, ಹಾಸ್ಯಕ್ಕಾಗಿಯೇ ‘ವಿನೋದ ರತ್ನಾಕರ’ ಎಂದು ಕರೆಸಿಕೊಂಡವರು. ಕಂಪನಿ ನಾಟಕದ ಹಾಸ್ಯನಟನಿಗೆ ಪಾಠ ಮೀರಿ ಮಾತಾಡುವ ಸ್ವಾತಂತ್ರ್ಯ ಇತ್ತು, ಜನ ಅದಕ್ಕೇ ಕಾಯುತ್ತಿದ್ದರು. ಇವತ್ತಿನ ಟಾಕ್ ಶೋದ ಖುರ್ಚಿಯಲ್ಲಿ ಕೂತ ನಟರಿಂದ ನಾವು ಬಯಸುವುದು ಆ ಸ್ವಾತಂತ್ರ್ಯವನ್ನೇ.

ಟಿವಿಯಲ್ಲಿ ಇದು ನಡೆಯುವುದಿಲ್ಲ ಎನ್ನುವ ಹಾಗೂ ಇಲ್ಲ. 1994ರಲ್ಲಿ ಬಂದ ಉದಯ ಟಿವಿ ಆಮೇಲೆ ‘ಹರಟೆ’ ಎಂಬ ಕಾರ್ಯಕ್ರಮ ನಡೆಸಿತು. ಹಿರೇಮಗಳೂರು ಕಣ್ಣನ್, ಅ.ರಾ. ಮಿತ್ರ, ಕೃಷ್ಣೇಗೌಡ, ಇಂದುಮತಿ ಸಾಲಿಮಠ, ಸುಧಾ ಬರಗೂರು, ರಿಚರ್ಡ್ ಲೂಯಿಸ್ ಇಂಥವರೆಲ್ಲ ಎರಡು ಪಕ್ಷವಾಗಿ ಕೂತು ವಾದ ಮಾಡುತ್ತಿದ್ದರು. ಅಷ್ಟೇ ಕಾರ್ಯಕ್ರಮ. ಮೈಕು, ಖುರ್ಚಿ, ಮಾತು. ಅದರಲ್ಲಿ ಬಂದ ಜೋಕುಗಳು ಮದುವೆಮನೆಯ ಪಂಕ್ತಿಯವರೆಗೂ ಬಂದವು. ಅವರು ಸಿನಿಮಾ ತಾರೆಯರಲ್ಲ, ಬಹುತೇಕ ಮೇಷ್ಟ್ರುಗಳು. ಮೇಷ್ಟ್ರ ಮಾತಿಗೇ ಅಷ್ಟು ಜನ ಕೂತರು ಎಂದ ಮೇಲೆ, ಮಾತನ್ನೂ ಮೈಯನ್ನೂ ಒಟ್ಟಿಗೆ ಪಳಗಿಸಿಕೊಂಡ ನಟರ ಮಾತಿಗೆ ಕೂರುವುದಿಲ್ಲವೇ?

‘ವೀಕೆಂಡ್ ವಿತ್ ರಮೇಶ್’ ಬಗ್ಗೆ ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ನಾನು ಕೇಳುವುದಕ್ಕೆ ಎಲ್ಲರೂ ಅದನ್ನೇ ಉತ್ತರವಾಗಿ ಕೊಡುತ್ತಾರೆ. ಜೀ ಕನ್ನಡದಲ್ಲಿ 2014ರ ಆಗಸ್ಟ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರನ್ನು ಮೊದಲ ಅತಿಥಿಯಾಗಿ ಕೂರಿಸಿ ಶುರುವಾದ ಆ ಕಾರ್ಯಕ್ರಮವನ್ನು ನಾನು ಪ್ರೀತಿಯಿಂದ ನೋಡಿದವಳು. ರಮೇಶ್ ಅರವಿಂದ್ ಅವರು ಸ್ವತಃ ನಟರಾಗಿದ್ದೂ ಅತಿಥಿಯ ಮೇಲೆ ಬೀಳುವವರಲ್ಲ. ಎದುರಿನವರು ಮಾತಾಡುವಾಗ ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಾರೆ. ಬಾಲ್ಯದ ಗೆಳೆಯರನ್ನು, ಕಲಿಸಿದ ಮೇಷ್ಟ್ರನ್ನು ಹುಡುಕಿ ಕರೆಸುವ ಹಿಂದೆ ಎಷ್ಟು ಜನರ ದುಡಿಮೆ ಇದೆ ಎಂಬುದೂ ಕಾಣುತ್ತದೆ. ನಾಡಿನ ಎಷ್ಟೋ ಬದುಕುಗಳು ಆ ಕೆಂಪು ಖುರ್ಚಿಯಿಂದಾಗಿ ದಾಖಲಾದವು.

ಆದರೆ ಅದು ಸನ್ಮಾನದ ಕಾರ್ಯಕ್ರಮ. ಸನ್ಮಾನಕ್ಕೆ ಕೂತವರು ನಿಷ್ಠುರವಾಗಿ ಮಾತಾಡುವುದು ಕಷ್ಟ. ಒಬ್ಬರಾದ ಮೇಲೆ ಒಬ್ಬರು ಬಂದು ಹೊಗಳುತ್ತಿದ್ದರೆ ಎಂಥ ಚೂಪು ನಾಲಿಗೆಯವರೂ ಮೆತ್ತಗಾಗುತ್ತಾರೆ. ಅಪ್ಪ ಅಮ್ಮನ ಹಳೇ ಫೋಟೋ ತೆರೆಯ ಮೇಲೆ ಬಂದರೆ ಕಣ್ಣು ಒದ್ದೆಯಾಗುತ್ತದೆ, ಆಗಬೇಕಾದ್ದೇ. ಅತ್ತವರನ್ನು ನೋಡಿ ನಾವೂ ಅತ್ತಿದ್ದೇವೆ. ಅವರು ವಾದ ಮಾಡುವುದನ್ನು, ತಮ್ಮ ಉದ್ಯೋಗದ ಹುಳುಕನ್ನು ಎತ್ತಿ ತೋರಿಸುವುದನ್ನು, ಒಬ್ಬ ಸಹನಟನ ಜೊತೆ ಒಂದು ಪಾತ್ರದ ಬಗ್ಗೆ ಜಗಳ ಆಡುವುದನ್ನು ನೋಡಲು ಬೇರೆ ಜಾಗ ಬೇಕು.

ಅಲ್ಲಿಯೂ ಒಮ್ಮೊಮ್ಮೆ ಆ ಚೌಕಟ್ಟನ್ನು ಮೀರಿದವರಿದ್ದಾರೆ. ಐದನೆಯ ಸೀಸನ್ನು 2023ರ ಮಾರ್ಚ್‌ನಲ್ಲಿ ರಮ್ಯಾ ಅವರಿಂದ ಆರಂಭವಾಯಿತು. ತಂದೆಯನ್ನು ಕಳೆದುಕೊಂಡ ದಿನಗಳಲ್ಲಿ ಬದುಕೇ ಬೇಡ ಅನ್ನಿಸಿತ್ತು ಎಂದು ಅವರು ಲಕ್ಷಾಂತರ ಜನರ ಎದುರು ಹೇಳಿದರು. ಆಗ ತಮಗೆ ಒತ್ತಾಸೆಯಾಗಿ ನಿಂತವರು ರಾಹುಲ್ ಗಾಂಧಿ ಎಂದೂ, ಯಾರು ಏನಂದುಕೊಳ್ಳುತ್ತಾರೋ ಎಂದು ಅಳುಕದೆ ಹೇಳಿದರು. ಅಷ್ಟು ಎತ್ತರದಲ್ಲಿದ್ದ ನಾಯಕನಟಿ ಇಂಥದ್ದನ್ನು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ದಿನಾ ನಡೆಯುವ ಸಂಗತಿಯಲ್ಲ. ಜಾಲತಾಣಗಳಲ್ಲಿ ಎದ್ದ ಗದ್ದಲ ಮಾತ್ರ ಅವರು ಇಂಗ್ಲಿಷ್ ಹೆಚ್ಚು ಬಳಸಿದರು ಎಂಬುದರ ಬಗ್ಗೆ. ಕನ್ನಡ ವಾಹಿನಿಯಲ್ಲಿ ಕನ್ನಡವೇ ಕೇಳಬೇಕು ಎಂಬ ಆಸೆ ನನ್ನದೂ ಹೌದು. ಹಾಗಿದ್ದೂ, ಒಬ್ಬ ಹೆಣ್ಣುಮಗಳು ತನ್ನ ಕಷ್ಟದ ಕಾಲವನ್ನು ತೆರೆದಿಟ್ಟ ದಿನ ನಾವು ಅವಳ ಇಂಗ್ಲಿಷ್ ಪದ ಎಣಿಸುತ್ತ ಕೂತದ್ದು ನನಗೆ ಬಹಳ ನೋವು ತಂದಿತು. ಇದನ್ನು ವಾಹಿನಿಯವರಿಗಲ್ಲ, ನನ್ನಂಥ ವೀಕ್ಷಕರಿಗೇ ಹೇಳುತ್ತಿದ್ದೇನೆ.

ಹಿಂದಿ ಚಿತ್ರ ನಿರ್ದೇಶಕ ಕರಣ್ ಜೋಹರ್ ನಡೆಸುವ ‘ಕಾಫಿ ವಿತ್ ಕರಣ್’ ಮಾದರಿಯನ್ನು ತರೋಣವೇ ಎಂಬ ಯೋಚನೆ ನಿಮಗೆ ಬರಬಹುದು. ಅದರ ಎರಡು ಕಂತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2017ರಲ್ಲಿ ಕಂಗನಾ ರನೌತ್, ಚಿತ್ರರಂಗದ ಸ್ವಜನಪಕ್ಷಪಾತಕ್ಕೆ ನೀವೇ ಬಾವುಟ ಹಿಡಿದವರು ಎಂದು ಕರಣ್ ಜೋಹರ್ ಅವರ ಮುಖಕ್ಕೇ, ಅವರದೇ ಸೋಫಾದಲ್ಲಿ ಕೂತು ಹೇಳಿದರು. ನಗುನಗುತ್ತಲೇ ಹೇಳಿದರು. ಅದು ಪ್ರಸಾರವಾಯಿತು. ಇಡೀ ದೇಶ ವರ್ಷಗಟ್ಟಲೆ ಆ ವಿಷಯ ಚರ್ಚಿಸಿತು. ಕಂಗನಾ ಅವರ ಬೇರೆ ಎಷ್ಟೋ ಮಾತುಗಳನ್ನು ಒಪ್ಪದವರೂ ಆ ಹೊತ್ತಿನ ಅವರ ಎದೆಗಾರಿಕೆಯನ್ನು ಒಪ್ಪಿದರು. 2019ರ ಜನವರಿಯಲ್ಲಿ ಅದೇ ಕಾರ್ಯಕ್ರಮಕ್ಕೆ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಹೋದರು. ಹೆಂಗಸರ ಬಗ್ಗೆ ಪಾಂಡ್ಯ ಆಡಿದ ಮಾತುಗಳಿಗಾಗಿ ಇಬ್ಬರನ್ನೂ ಕ್ರಿಕೆಟ್ ಮಂಡಳಿ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸು ಕರೆಸಿತು. ಆ ಕಂತನ್ನೇ ಜಾಲದಿಂದ ತೆಗೆದುಹಾಕಲಾಯಿತು. ಮೊದಲನೆಯದರಲ್ಲಿ ಬಲಶಾಲಿಯ ಎದುರು ಕೂತು ಬಲಶಾಲಿಯ ಬಗ್ಗೆ ಮಾತಾಡಿದ್ದು. ಎರಡನೆಯದರಲ್ಲಿ ಅಲ್ಲಿಲ್ಲದವರನ್ನು ಹಗುರ ಮಾಡಿದ್ದು. ಎರಡಕ್ಕೂ ‘ಬೋಲ್ಡ್’ ಎಂಬ ಒಂದೇ ಹಣೆಪಟ್ಟಿ ಹಚ್ಚಬೇಡಿ. ‘ಇವರಿಬ್ಬರಲ್ಲಿ ಯಾರು ಚೆಂದ? ಆ ಮೂವರಲ್ಲಿ ಯಾರಿಗೆ ನಟನೆ ಬರೋದಿಲ್ಲ?’ ಎಂಬ ರ‍್ಯಾಪಿಡ್ ಫೈರ್ ಪ್ರಶ್ನೆಗಳಿಂದ ಹುಟ್ಟುವುದು ವಿವಾದ ಮಾತ್ರ.

ಈಗ ನಿಮ್ಮ ಎಡಿಟಿಂಗ್ ಕೋಣೆಯ ವಿಷಯಕ್ಕೆ ಬರುತ್ತೇನೆ. ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು.

ಚುರುಕು ಮಾತಿನ ಅರ್ಧ ಜೀವ ಇರುವುದು ಮಾತಿನ ಮುಂಚಿನ ಮೌನದಲ್ಲಿ. ಪ್ರಶ್ನೆ ಬಂತು, ನಟ ನಿರೂಪಕರ ಮುಖ ನೋಡಿದ, ನೆಲ ನೋಡಿದ, ತುಟಿಯ ಮೂಲೆಯಲ್ಲಿ ಒಂದು ನಗು ಬಂತು, ಆಮೇಲೆ ಉತ್ತರ. ಆ ಎರಡು ಸೆಕೆಂಡಿನಲ್ಲಿ ನಮಗೆ ಗೊತ್ತಾಗುತ್ತದೆ, ಈಗ ಏನೋ ಬರುತ್ತದೆ ಎಂದು. ನೀವು ಆ ಎರಡು ಸೆಕೆಂಡನ್ನು ಕತ್ತರಿಸುತ್ತೀರಿ. ಅದರ ಜಾಗಕ್ಕೆ ಒಂದು ‘ಟಣ್’ ಸದ್ದು ಹಾಕುತ್ತೀರಿ. ಯಾವಾಗಲೋ ಬೇರೆ ಮಾತಿಗೆ ನಕ್ಕ ಪ್ರೇಕ್ಷಕರ ಮುಖ ತಂದು ಅಂಟಿಸುತ್ತೀರಿ. ಉತ್ತರ ಮುಗಿಯುವ ಮೊದಲೇ ರೆಕಾರ್ಡಿನ ನಗು ಬರುತ್ತದೆ. ನಗಬೇಕಾದ ಜಾಗವನ್ನು ನಮಗೆ ತೋರಿಸಿಕೊಡುವ ಅಗತ್ಯವಿಲ್ಲ. ಭಾವುಕ ಮಾತು ಬಂದ ತಕ್ಷಣ ಕೊಳಲು ಊದಿಸುತ್ತೀರಿ. ಹೇಳುತ್ತಿರುವವರು ದುಃಖಕ್ಕೆ ಬೀಳದೆ ತಮಾಷೆಯಾಗಿಯೇ ಹೇಳುತ್ತಿದ್ದರೂ ಆ ಕೊಳಲು ಅವರ ಮಾತನ್ನು ಗೋಳು ಮಾಡಿಬಿಡುತ್ತದೆ. ಅದು ಅವರಿಗೆ ಮಾಡುವ ಅನ್ಯಾಯ.

ಪ್ರೋಮೊ ಇನ್ನೂ ದೊಡ್ಡ ಅನ್ಯಾಯ. ಒಂದು ಗಂಟೆಯ ಮಾತಿನಿಂದ ಅರ್ಧ ನಿಮಿಷ ತೆಗೆದು, ವಾಕ್ಯದ ಮೊದಲ ತುಂಡು ಮಾತ್ರ ಉಳಿಸಿ, ಕೆಂಪು ಅಕ್ಷರದಲ್ಲಿ ‘ಯಾರಿಗೆ ಹೇಳಿದ್ರು ಈ ಮಾತು?’ ಎಂದು ಹಾಕಿ ಬುಧವಾರ ಬಿಡುತ್ತೀರಿ. ಶನಿವಾರ ಪೂರ್ತಿ ಮಾತು ಬರುವಷ್ಟರಲ್ಲಿ ಆ ನಟರು ಎರಡು ಸಲ ಸ್ಪಷ್ಟನೆ ಕೊಟ್ಟು, ಒಂದು ಸಲ ಕ್ಷಮೆ ಕೇಳಿ ಆಗಿರುತ್ತದೆ. ಗುರುವಾರದ ಟಿಆರ್‌ಪಿಯ ಒತ್ತಡ ನಿಮ್ಮ ಮೇಲೆ ಎಷ್ಟಿದೆ ಎಂದು ಊಹಿಸಬಲ್ಲೆ. ಆದರೆ ಹೀಗೆ ಒಂದು ಸಲ ಸುಟ್ಟುಕೊಂಡ ಕಲಾವಿದರು ಮುಂದಿನ ಸಲ ನಿಮ್ಮ ಸ್ಟುಡಿಯೋಗೆ ಬಂದಾಗ ‘ತುಂಬಾ ಡಿಫರೆಂಟ್ ಸಬ್ಜೆಕ್ಟು’ ಎಂದು ಹೇಳಿ ಎದ್ದುಹೋಗುತ್ತಾರೆ. ಅವರ ಬಾಯಿಗೆ ಬೀಗ ಹಾಕಿದವರು ಯಾರು?

ಕಣ್ಣಾರೆ ನೋಡಿದ ಒಂದು ಪ್ರಸಂಗ ಹೇಳಬೇಕು. ವಾಹಿನಿಯ ಹೆಸರು, ಕಾರ್ಯಕ್ರಮದ ಹೆಸರು ಬೇಡ. ಕಂಪನಿ ನಾಟಕಗಳಿಂದ ಬಂದ ಹಿರಿಯ ನಟಿಯೊಬ್ಬರು ಅತಿಥಿಯಾಗಿದ್ದರು. ಮಳೆ ಹಿಡಿದು ಕಲೆಕ್ಷನ್ ಇಲ್ಲದ ಕ್ಯಾಂಪಿನಲ್ಲಿ ಹೆಣ್ಣುಮಕ್ಕಳು ಹೇಗೆ ದಿನ ದೂಡುತ್ತಿದ್ದರು ಎಂಬುದನ್ನು ಹೇಳಲು ಶುರು ಮಾಡಿದ್ದರು. ಸೋರುವ ತಗಡಿನ ಥಿಯೇಟರು, ಸೀರೆ ಒಣಗಿಸಲು ಜಾಗ ಇಲ್ಲದ್ದು, ಊರಿನ ದೊಡ್ಡ ಮನುಷ್ಯರೊಬ್ಬರು ಊಟಕ್ಕೆ ಕರೆದದ್ದು, ಕಂಪನಿಯ ಯಜಮಾನರು ಹೋಗಿ ಎಂದದ್ದು, ಇವರು ಹೋಗುವುದಿಲ್ಲ ಎಂದದ್ದು. ಅವರ ದನಿಯಲ್ಲಿ ಸಿಟ್ಟೂ ಇತ್ತು, ನಗುವೂ ಇತ್ತು. ಆ ದೊಡ್ಡ ಮನುಷ್ಯರಿಗೆ ಇವರು ಏನೋ ಒಂದು ಉತ್ತರ ಹೇಳಿ ಕಳಿಸಿದ್ದರು, ಅದು ಇನ್ನೇನು ಬಾಯಿಂದ ಬರಬೇಕು. ಅಷ್ಟರಲ್ಲಿ ಕಿವಿಯ ಮೈಕಿನಲ್ಲಿ ಯಾರೋ ಹೇಳಿರಬೇಕು, ನಿರೂಪಕ ‘ಸೂಪರ್ ಮೇಡಂ, ಈಗ ನಮಗೋಸ್ಕರ ನಿಮ್ಮದೊಂದು ಫೇಮಸ್ ಡೈಲಾಗ್’ ಎಂದ. ಅವರು ಒಂದು ಕ್ಷಣ ಸುಮ್ಮನಾದರು. ಸೆರಗು ಸರಿ ಮಾಡಿಕೊಂಡರು. ಡೈಲಾಗ್ ಹೇಳಿದರು, ಚಪ್ಪಾಳೆ ಬಿತ್ತು, ಜಾಹೀರಾತು ಬಂತು. ಆ ಉತ್ತರ ಏನಿತ್ತು ಎಂಬುದು ನಮಗೆ ಕೊನೆಗೂ ಸಿಗಲಿಲ್ಲ.

ಆ ನಿರೂಪಕನ ಮೇಲೆ ನನಗೆ ಕೋಪವಿಲ್ಲ, ಅವನು ಎಳೆಯ ಹುಡುಗ. ನಿರೂಪಕರನ್ನು ಆರಿಸುವವರು, ತಯಾರು ಮಾಡುವವರು ನೀವು. ಬ್ರಿಟನ್ನಿನ ಬಿಬಿಸಿಯಲ್ಲಿ ಮೈಕಲ್ ಪಾರ್ಕಿನ್ಸನ್ 1971ರಲ್ಲಿ ತಮ್ಮ ಸಂದರ್ಶನ ಕಾರ್ಯಕ್ರಮ ಶುರು ಮಾಡಿದರು. ಅವರು ಪತ್ರಕರ್ತರಾಗಿದ್ದವರು. ಓದಿಕೊಂಡು ಬಂದು, ಒಂದು ಪ್ರಶ್ನೆ ಕೇಳಿ, ಆಮೇಲೆ ಹಿಂದಕ್ಕೆ ಒರಗುತ್ತಿದ್ದರು. ಅದೇ ದೇಶದ ಗ್ರಹಾಂ ನಾರ್ಟನ್ ಕಾರ್ಯಕ್ರಮದ ಯುಕ್ತಿ ಬೇರೆ. ಅಲ್ಲಿ ಅತಿಥಿಗಳೆಲ್ಲರನ್ನೂ ಒಂದೇ ಕೆಂಪು ಸೋಫಾದಲ್ಲಿ ಒಟ್ಟಿಗೆ ಕೂರಿಸುತ್ತಾರೆ. ಹಾಲಿವುಡ್ಡಿನ ದೊಡ್ಡ ತಾರೆಯ ಪಕ್ಕದಲ್ಲಿ ಮಿರಿಯಂ ಮಾರ್ಗೊಲಿಸ್ ಥರದ ಹಿರಿಯ ನಟಿ ಕೂತಿರುತ್ತಾರೆ. 1941ರಲ್ಲಿ ಹುಟ್ಟಿದ ಆಕೆ ಬಾಯಿ ಬಿಟ್ಟರೆ ಪಕ್ಕದ ತಾರೆ ತನ್ನ ಸಿನಿಮಾದ ಪ್ರಚಾರ ಮರೆತು ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಾಣಬಹುದು. ತಾರೆಯನ್ನು ನೋಡಲು ಕೂತವರು ಅಜ್ಜಿಯ ಮಾತು ನೆನಪಿಟ್ಟುಕೊಂಡು ಏಳುತ್ತಾರೆ. ಈ ಒಂದು ಏರ್ಪಾಡನ್ನು ನೀವು ತೆಗೆದುಕೊಳ್ಳಬಹುದು. ನಾಯಕನಿಗೊಂದು ದಿನ, ಪೋಷಕ ನಟರಿಗೆ ಮಧ್ಯಾಹ್ನದ ಅಡುಗೆ ಕಾರ್ಯಕ್ರಮ ಎಂಬ ಪಂಕ್ತಿಭೇದ ನಿಲ್ಲಲಿ. ಒಟ್ಟಿಗೆ ಕೂರಿಸಿ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎದ್ದು ಬರುತ್ತದೆ, ತಾಳಮದ್ದಳೆಯಲ್ಲಿ ಬಂದ ಹಾಗೆ. ನಿರೂಪಕರಿಗೆ ಕಲಿಸಬೇಕಾದ ಪ್ರಶ್ನೆ ಒಂದೇ: ‘ಆಮೇಲೆ?’

ಯಾರನ್ನು ಕರೆಯಬೇಕು ಎಂದರೆ ಪಟ್ಟಿ ನಿಮ್ಮ ಹತ್ತಿರವೇ ಇದೆ. ಬಿ. ಜಯಶ್ರೀ ಅವರನ್ನು ಕರೆಯಿರಿ. ಗುಬ್ಬಿ ವೀರಣ್ಣನವರ ಮೊಮ್ಮಗಳು, ಕಂಪನಿಯಲ್ಲೇ ಬೆಳೆದವರು, ರಾಜ್ಯಸಭೆಯಲ್ಲಿ ಕೂತು ಬಂದವರು. ಕಥೆ ಹೇಳಲು ಶುರು ಮಾಡಿದರೆ ಐದು ಜನರ ದನಿ ಅವರೊಬ್ಬರಿಂದಲೇ ಬರುತ್ತದೆ. ಉಮಾಶ್ರೀ ಅವರನ್ನು ಕರೆಯಿರಿ. ಹೊಟ್ಟೆಪಾಡಿಗಾಗಿ ಎಂಥೆಂಥ ಪಾತ್ರ ಒಪ್ಪಬೇಕಾಯಿತು ಎಂಬುದನ್ನು ಮರೆಮಾಚದ ಆ ನಟಿ ಮುಂದೆ ರಾಷ್ಟ್ರಪ್ರಶಸ್ತಿ ಪಡೆದರು, ರಾಜ್ಯದ ಸಂಸ್ಕೃತಿ ಸಚಿವೆಯಾದರು. ಆ ದಾರಿಯ ಬಗ್ಗೆ ಅವರಿಗಿಂತ ಚೆನ್ನಾಗಿ ಹೇಳಬಲ್ಲವರಿಲ್ಲ. ದತ್ತಣ್ಣನವರು ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದು, ನಲವತ್ತು ದಾಟಿದ ಮೇಲೆ ಸಿನಿಮಾಕ್ಕೆ ಬಂದವರು. ಒಣ ಮುಖದಲ್ಲಿ ನಗಿಸುವ ಅವರ ಪಕ್ಕದಲ್ಲಿ ಮಂಗಳೂರು ಕಡೆಯ ರಾಜ್ ಬಿ. ಶೆಟ್ಟಿ ಅವರಂಥ ಇವತ್ತಿನವರೊಬ್ಬರು ಕೂತರೆ ಆ ಒಂದು ಗಂಟೆ ಹೇಗಿರಬಹುದು! ಮುಖ್ಯಮಂತ್ರಿ ಚಂದ್ರು ಅವರನ್ನೂ ಮಂಡ್ಯ ರಮೇಶ್ ಅವರನ್ನೂ ಒಟ್ಟಿಗೆ ಕೂರಿಸಿ ರಂಗಭೂಮಿಯ ರಾಜಕೀಯದ ಬಗ್ಗೆ ಕೇಳಿ ನೋಡಿ. ಹುಬ್ಬಳ್ಳಿ, ಗದಗ, ಕಲಬುರಗಿ ಕಡೆಯ ವೃತ್ತಿ ಕಂಪನಿಗಳಲ್ಲಿ ದುಡಿದವರನ್ನು ಮಾತ್ರ ಬಿಡಬೇಡಿ. ಅವರ ಕನ್ನಡವನ್ನು ಬೆಂಗಳೂರಿನ ಕನ್ನಡಕ್ಕೆ ಇಸ್ತ್ರಿ ಮಾಡಲು ಹೋಗಬೇಡಿ.

ಅಂಬರೀಶ್ ಇದ್ದಿದ್ದರೆ ಮೊದಲ ಹೆಸರು ಅವರದೇ ಆಗುತ್ತಿತ್ತು. ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾಗಿದ್ದವರು ಅವರು, ಆದರೆ ಮೈಕಿನ ಎದುರಿಗೂ ಮನೆಯ ಜಗಲಿಯಲ್ಲೂ ಅವರ ಮಾತು ಒಂದೇ ಥರ ಇತ್ತು. ಮಂಡ್ಯದ ಆಡುಮಾತಿನಲ್ಲಿ ಗದರಿಸಿದರೆ ಗದರಿಸಿಕೊಂಡವರೇ ಖುಷಿಪಡುತ್ತಿದ್ದರು. ಅವರ ಒರಟುತನದ ಹಿಂದೆ ಲೆಕ್ಕಾಚಾರ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. 2018ರ ನವೆಂಬರ್‌ನಲ್ಲಿ ಅವರು ಹೋದಾಗ ಜನ ಅವರ ಸಿನಿಮಾಗಳಷ್ಟೇ ಅವರ ಮಾತುಗಳನ್ನೂ ನೆನೆಸಿಕೊಂಡು ಅತ್ತರು. ದ್ವಾರಕೀಶ್ ಇನ್ನೊಂದು ಬಗೆ. ತಾವು ಕುಳ್ಳ ಎಂಬುದನ್ನೇ ಸಿನಿಮಾ ಹೆಸರುಗಳಲ್ಲಿ ಹಾಕಿಕೊಂಡು ಮೆರೆದವರು. ಗೆದ್ದದ್ದನ್ನು ಹೇಳಿದಷ್ಟೇ ಸಲೀಸಾಗಿ ಸೋತದ್ದನ್ನೂ, ದುಡ್ಡು ಕಳೆದುಕೊಂಡದ್ದನ್ನೂ ಹೇಳುತ್ತಿದ್ದರು. ಅವರು 2024ರ ಏಪ್ರಿಲ್‌ನಲ್ಲಿ ಹೋದರು. ಮರುವರ್ಷ ಅದೇ ತಿಂಗಳು ಬ್ಯಾಂಕ್ ಜನಾರ್ದನ್. ಹೀಗೆ ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಹೋದ ದಿನ ನಿಮ್ಮ ಸುದ್ದಿ ವಾಹಿನಿ ಅವರ ಸಿನಿಮಾದ ತುಣುಕುಗಳನ್ನು ಇಡೀ ದಿನ ತೋರಿಸುತ್ತದೆ. ಅವರು ಅವರಾಗಿ ಕೂತು ಒಂದು ಗಂಟೆ ಮಾತಾಡಿದ್ದು ನಿಮ್ಮ ಭಂಡಾರದಲ್ಲಿ ಎಷ್ಟಿದೆ, ತೆಗೆದು ನೋಡಿ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಗಂಡಸು ಕಡ್ಡಿ ಮುರಿದಂತೆ ಮಾತಾಡಿದರೆ ಅವನು ನೇರ ನುಡಿಯವನು, ಹೆಂಗಸು ಮಾತಾಡಿದರೆ ಬಾಯಿ ಜೋರು ಎಂಬುದು ನಮ್ಮ ಸಮಾಜದಲ್ಲೇ ಇದೆ. ಚಿತ್ರರಂಗದಲ್ಲಿ ಹೆಣ್ಣುಮಕ್ಕಳ ಸ್ಥಿತಿಗತಿ ಪರಿಶೀಲಿಸಿದ ಕೇರಳದ ಹೇಮಾ ಸಮಿತಿಯ ವರದಿ 2024ರಲ್ಲಿ ಹೊರಬಂದ ಮೇಲೆ ನಮ್ಮಲ್ಲೂ ಅಂಥ ಸಮಿತಿ ಬೇಕೆಂದು ಕನ್ನಡದ ಕಲಾವಿದರು ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಅಂಥ ವಿಷಯ ಸುದ್ದಿ ವಾಹಿನಿಯ ಕಿರುಚಾಟದ ಪೆಟ್ಟಿಗೆಗಳಲ್ಲಿ ಮುಗಿದುಹೋಗಬಾರದು. ನಿಮ್ಮ ಖುರ್ಚಿಯಲ್ಲಿ ನಟಿಯರು ಬಂದಾಗ ಮದುವೆ ಯಾವಾಗ, ಮೈಕಟ್ಟಿನ ಗುಟ್ಟೇನು ಎಂದು ಕೇಳುವುದನ್ನು ಬಿಟ್ಟು ಕೆಲಸದ ಬಗ್ಗೆ ಕೇಳಿ. ಸೆಟ್ಟಿನಲ್ಲಿ ಬಟ್ಟೆ ಬದಲಿಸಲು ಜಾಗ ಇತ್ತೇ ಎಂದು ಕೇಳಿ. ಸಂಭಾವನೆಯ ಅಂತರ ಕೇಳಿ. ಅವರು ಎಷ್ಟು ಮೊನಚಾಗಿ, ಎಷ್ಟು ನಗಿಸುತ್ತ ಉತ್ತರ ಕೊಡುತ್ತಾರೆ ಎಂಬುದನ್ನು ಆಗ ನೋಡುತ್ತೀರಿ.

ಅಭಿಮಾನಿ ಸಂಘದವರಲ್ಲೂ ಒಂದು ವಿನಂತಿ. ನಿಮ್ಮ ನಾಯಕನ ಸಿನಿಮಾ ಚೆನ್ನಾಗಿರಲಿಲ್ಲ ಎಂದು ಇನ್ನೊಬ್ಬ ಕಲಾವಿದ ನಗುತ್ತ ಹೇಳಿದರೆ ಅದರಿಂದ ನಿಮ್ಮ ನಾಯಕನ ಕೂದಲೂ ಕೊಂಕುವುದಿಲ್ಲ. ಆ ಕಲಾವಿದನ ಮನೆಯವರ ಫೋಟೋ ಹಾಕಿ ಬೈಯುವುದನ್ನು ನಿಲ್ಲಿಸಿ.

ಇಷ್ಟೆಲ್ಲ ಕೇಳುವವರು ಯೂಟ್ಯೂಬ್‌ನಲ್ಲಿ ನೋಡಿಕೊಳ್ಳಲಿ ಎಂದು ನೀವು ಅನ್ನಬಹುದು. ನೋಡುತ್ತಿದ್ದೇವೆ. ಕಲಾಮಾಧ್ಯಮದಂಥ ಚಾನೆಲ್‌ಗಳು ಹಿರಿಯ ಕಲಾವಿದರ ಮನೆಗೇ ಹೋಗಿ ಕಂತುಕಂತಾಗಿ ಮಾತಾಡಿಸುತ್ತಿವೆ, ಜನ ಗಂಟೆಗಟ್ಟಲೆ ಕೇಳುತ್ತಿದ್ದಾರೆ. ಮಾತಿಗೆ ಕೇಳುಗರಿದ್ದಾರೆ ಎಂಬುದಕ್ಕೆ ನಿಮಗೆ ಬೇರೆ ಪುರಾವೆ ಬೇಡ. ಆದರೆ ನಮ್ಮತ್ತೆ ಯೂಟ್ಯೂಬ್ ಹುಡುಕುವುದಿಲ್ಲ. ರಾತ್ರಿ ಒಂಬತ್ತಕ್ಕೆ ನಡುಮನೆಯಲ್ಲಿ ಟಿವಿ ಹಾಕಿದಾಗ, ಮೂರು ತಲೆಮಾರು ಒಟ್ಟಿಗೆ ಕೂತಿರುವಾಗ, ಒಬ್ಬರು ನಕ್ಕದ್ದನ್ನು ಇನ್ನೊಬ್ಬರು ‘ಏನಂದ್ರು?’ ಎಂದು ಕೇಳಿ ಮತ್ತೆ ನಗುವ ಆ ಸುಖ ಫೋನಿನಲ್ಲಿ ಸಿಗುವುದಿಲ್ಲ. ಖರ್ಚಿನ ಲೆಕ್ಕದಲ್ಲೂ ಡ್ಯಾನ್ಸ್ ರಿಯಾಲಿಟಿ ಶೋದ ಸೆಟ್ಟು, ಕಾಸ್ಟ್ಯೂಮು, ತಿಂಗಳುಗಟ್ಟಲೆ ತರಬೇತಿಯ ಎದುರು ನಾಲ್ಕು ಖುರ್ಚಿ ಏನೂ ಅಲ್ಲ.

ಒಂದು ಸೀಸನ್ ಮಾಡಿ ನೋಡಿ. ಹದಿಮೂರು ವಾರ ಸಾಕು. ಎಪ್ಪತ್ತು ದಾಟಿದವರಿಂದ ಶುರು ಮಾಡಿ. ಪ್ರಸಾರಕ್ಕೆ ಎಷ್ಟು ಕತ್ತರಿಸಬೇಕೋ ಕತ್ತರಿಸಿಕೊಳ್ಳಿ, ಪೂರ್ತಿ ರೆಕಾರ್ಡಿಂಗನ್ನು ಅಳಿಸದೆ ನಿಮ್ಮ ಆ್ಯಪ್‌ನಲ್ಲಿ ಹಾಗೆಯೇ ಹಾಕಿ. ಸ್ಟುಡಿಯೋದಲ್ಲಿ ಬಾಡಿಗೆಗೆ ಕರೆತಂದ ಪ್ರೇಕ್ಷಕರ ಬದಲು ಊರೂರಿಗೆ ಬನ್ನಿ. ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಮೈಸೂರಿನಲ್ಲಿದೆ, ಧಾರವಾಡದಲ್ಲಿದೆ, ಶಿವಮೊಗ್ಗದಲ್ಲಿದೆ, ಕಲಬುರಗಿಯಲ್ಲಿದೆ. ಆ ಊರುಗಳಲ್ಲಿ ರಂಗದ ಮೇಲೆ ಖುರ್ಚಿ ಹಾಕಿ ರೆಕಾರ್ಡ್ ಮಾಡಿ. ಎದುರಿಗೆ ನಾಟಕ ನೋಡಿ ಪಳಗಿದ ಜನ ಕೂತಿರುತ್ತಾರೆ, ಎಲ್ಲಿ ನಗಬೇಕು ಎಂಬುದು ಅವರಿಗೆ ಗೊತ್ತಿದೆ. ಪಾಸು ಹಂಚಬೇಡಿ, ಟಿಕೆಟ್ ಇಡಿ, ಕೊಂಡು ಬರುತ್ತೇವೆ. ಮೈಸೂರಿಗೆ ಬರುವ ದಿನ ಆ ಹಿರಿಯ ನಟಿಯನ್ನು ಇನ್ನೊಮ್ಮೆ ಕರೆಸಿ, ಊಟಕ್ಕೆ ಕರೆದ ದೊಡ್ಡ ಮನುಷ್ಯರಿಗೆ ಅವರು ಏನು ಹೇಳಿ ಕಳಿಸಿದರು ಎಂದು ದಯವಿಟ್ಟು ಕೇಳಿ.

ಇಂತಿ ನಮಸ್ಕಾರಗಳೊಂದಿಗೆ,
ಮೈಸೂರಿನ ಒಬ್ಬ ವೀಕ್ಷಕಿ